ಚಂದ್ರನ ತಲೆ ಹೊತ್ತ ಗುರುವಾರ

ನನ್ನ ಗಂಡ ಕ್ಯಾಸಿಮಿರ್ ತೀರಿಕೊಂಡದ್ದು ೧೯೬೩ರ ನವೆಂಬರ್ ಇಪ್ಪತ್ತೆರಡರ ಶುಕ್ರವಾರ, ಬೆಳಗ್ಗೆ ಒಂಬತ್ತೂವರೆಗೆ. ಹೊತ್ತನ್ನು ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ಅದೇ ದಿನ ಮಧ್ಯಾಹ್ನ ಡಲ್ಲಾಸಿನಲ್ಲಿ ನಮ್ಮ ಅಧ್ಯಕ್ಷರನ್ನು ಗುಂಡಿಟ್ಟು ಕೊಂದರು. ಆ ದಿನಕ್ಕೆ ಒಂದು ಬೆಳಗ್ಗೆಯೂ ಇತ್ತು ಅನ್ನುವುದು ಆಮೇಲೆ ಯಾರ ನೆನಪಿನಲ್ಲೂ ಉಳಿಯಲಿಲ್ಲ.

ನಾವಿಬ್ಬರೂ ಬಫಲೋದ ಲಿಂಡ್‌ಹೋಮ್ ಅಂಗಡಿಯಲ್ಲಿ ಕೆಲಸಕ್ಕಿದ್ದವರು. ಮೇನ್ ಸ್ಟ್ರೀಟಿನಲ್ಲಿ ಎಂಟು ಮಹಡಿ ಎತ್ತಿ ನಿಂತ ಅಂಗಡಿ, ಸೂಜಿಯಿಂದ ಸೋಫಾದವರೆಗೆ ಎಲ್ಲ ಸಿಗುತ್ತಿತ್ತು. ನಾನು ಆರನೇ ಮಹಡಿಯ ಆಲ್ಟರೇಷನ್ ವಿಭಾಗದಲ್ಲಿ, ಕ್ಯಾಸ್ ಹಿಂಬದಿಯಲ್ಲಿ ಲಾರಿಗಳಿಂದ ಸರಕು ಇಳಿಸುವ ಕಟ್ಟೆಯಲ್ಲಿ. ಅವತ್ತು ಗೊಂಬೆಗಳ ಪೆಟ್ಟಿಗೆ ಇಳಿಸುತ್ತಿದ್ದವನು "ಒಂದ್ನಿಮಿಷ ತಡಿರಪ್ಪ" ಎಂದು ಹೇಳಿ ಒಂದು ಪೆಟ್ಟಿಗೆಯ ಮೇಲೆ ಕೂತನಂತೆ. ಕೂತವನು ಏಳಲಿಲ್ಲ. ಐವತ್ತೊಂದು ವರ್ಷ. ನಾನು ಯಾರದೋ ಕೋಟಿನ ತೋಳು ಗಿಡ್ಡ ಮಾಡುತ್ತಿದ್ದಾಗ ಫೋನು ಬಂತು. ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿ ಕೆಳಗೆ ಇಳಿದುಹೋದೆ.

ಆಸ್ಪತ್ರೆಯಿಂದ ಮನೆಗೆ ಬಂದಾಗ ಹನ್ನೆರಡು ದಾಟಿತ್ತು. ಕ್ಯಾಸ್‌ನ ಅಕ್ಕ ಹೆಡ್ವಿಗ್ ಬಂದು ಕಾಫಿಗೆ ಇಟ್ಟಳು. ಪಕ್ಕದ ಮನೆಯವರು ಎಲೆಕೋಸು, ಸಾಸೇಜು ಬೇಯಿಸಿ ತಂದರು. ಎಲ್ಲರೂ ನನ್ನ ಸುತ್ತ ಕೂತು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಎರಡು ಗಂಟೆಯ ಸುಮಾರಿಗೆ ಎದುರುಮನೆಯ ಹುಡುಗಿ ಓಡಿಬಂದು ಸುದ್ದಿ ಹೇಳಿದಳು. ಯಾರೋ ಟಿವಿ ಹಾಕಿದರು. ನನ್ನ ಸುತ್ತ ಇದ್ದ ಕುರ್ಚಿಗಳೆಲ್ಲ ಒಂದೊಂದಾಗಿ ಆ ಕಡೆ ತಿರುಗಿದವು. ಹೆಡ್ವಿಗ್ ಎದೆ ಎದೆ ಬಡಿದುಕೊಂಡು ಅತ್ತಳು. ತಮ್ಮನಿಗಾಗಿ ಅತ್ತಳೋ ಅಧ್ಯಕ್ಷರಿಗಾಗಿ ಅತ್ತಳೋ ನನಗೆ ತಿಳಿಯಲಿಲ್ಲ. ಅವಳಿಗೂ ತಿಳಿದಿರಲಿಕ್ಕಿಲ್ಲ. ನಾನು ಅಳಲಿಲ್ಲ. ಕಾಫಿ ಆರಿತ್ತು, ಅದನ್ನು ಕುಡಿದೆ.

ಟಿವಿ ನಾಲ್ಕು ದಿನ ಆರಲಿಲ್ಲ. ಸೋಮವಾರ ಅಧ್ಯಕ್ಷರ ಅಂತ್ಯಕ್ರಿಯೆಯ ದಿನವೇ ಕ್ಯಾಸ್‌ನದೂ ಆಯಿತು. ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡು ಟಿವಿ ಮುಂದೆ ಕೂತಿತ್ತು. ಇಗರ್ಜಿಗೆ ಬಂದವರು ಒಂಬತ್ತು ಜನ. ಪಾದ್ರಿ ಪ್ರಾರ್ಥನೆಯಲ್ಲಿ ಮೊದಲು ಅಧ್ಯಕ್ಷರ ಹೆಸರು ಹೇಳಿ, ಕೊಂಚ ನಿಂತು, ಕೈಯಲ್ಲಿದ್ದ ಚೀಟಿ ನೋಡಿ, ಕ್ಯಾಸ್‌ನ ಹೆಸರು ಸೇರಿಸಿದರು. ಶವಪೆಟ್ಟಿಗೆಯ ಕಂಪನಿಯವನು ಕಾರಿನ ಬಾಗಿಲು ಹಿಡಿದುಕೊಂಡು ನನಗೆ ಹೇಳಿದ, "ಎಂಥಾ ಕಾಲ ಬಂತು ನೋಡಿ ಅಮ್ಮಾ. ಎಲ್ಲರ ಮನೇಲೂ ಸಾವಾದ ಹಾಗೇ ಆಗಿದೆ."

"ಹೌದು," ಎಂದೆ.

ಇನ್ನೇನು ಹೇಳಲಿ. ಆ ವಾರ ಯಾರು ನನ್ನ ಕೈ ಹಿಡಿದು ಮರುಗಿದರೂ ಮಾತು ಎರಡನೇ ವಾಕ್ಯಕ್ಕೆ ಡಲ್ಲಾಸಿಗೆ ಹೋಗುತ್ತಿತ್ತು. ನನಗೆ ಸಿಟ್ಟು ಬರಲಿಲ್ಲ. ನನಗೆ ಏನೂ ಬರಲಿಲ್ಲ ಅನ್ನುವುದೇ ಸರಿ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಸ್ವಂತ ತುಟಿಯನ್ನು ಮುಟ್ಟಿದರೆ ಬೇರೆ ಯಾರದ್ದೋ ಅನಿಸುತ್ತದಲ್ಲ, ಮೈಪೂರ್ತಿ ಹಾಗಿತ್ತು.

ಮಂಗಳವಾರ ಕೆಲಸಕ್ಕೆ ಹೋದೆ. ಮನೆಯಲ್ಲಿ ಕೂತು ಮಾಡುವುದಕ್ಕೆ ಏನಿತ್ತು? ನಮಗೆ ಮಕ್ಕಳಿರಲಿಲ್ಲ. ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಪ್ರತಿವರ್ಷ ಆ ಬೆಳಗ್ಗೆ ಲಿಂಡ್‌ಹೋಮ್ ಮೆರವಣಿಗೆ ಹೊರಡುತ್ತದೆ. ಅಂಗಡಿಯಲ್ಲಿ ಕೆಲಸ ಮಾಡುವ ಮುನ್ನೂರು ಜನ ನಾವೇ ವಿದೂಷಕರು, ಸಿಪಾಯಿಗಳು, ಕರಡಿಗಳು, ನಕ್ಷತ್ರಗಳು ಆಗಿ ಮೇನ್ ಸ್ಟ್ರೀಟಿನುದ್ದಕ್ಕೂ ನಡೆಯುತ್ತೇವೆ. ಊರಿಗೆ ಊರೇ ಎರಡೂ ಬದಿಗೆ ನಿಂತಿರುತ್ತದೆ. ಕೊನೆಯ ಗಾಡಿಯಲ್ಲಿ ಸಾಂಟಾ. ಅವನು ಅಂಗಡಿಯ ಮುಂದೆ ಇಳಿದ ಮೇಲೆ ಕ್ರಿಸ್‌ಮಸ್ ವ್ಯಾಪಾರ ಶುರು. ಮುನ್ನೂರು ಜನರ ಬಟ್ಟೆ ನಮ್ಮ ವಿಭಾಗದ ಕೆಲಸ.

ಮೆರವಣಿಗೆ ನಡೆಯುತ್ತದೋ ಇಲ್ಲವೋ ಅನ್ನುವುದು ಮಂಗಳವಾರ ಹತ್ತು ಗಂಟೆಯವರೆಗೂ ಯಾರಿಗೂ ಗೊತ್ತಿರಲಿಲ್ಲ. ಮೆರವಣಿಗೆಯ ಉಸ್ತುವಾರಿ ಮಿಸ್ಟರ್ ಬ್ರೆನೆಮನ್ ಅವರದು. ಎತ್ತರದ, ಸದಾ ಕೆಮ್ಮುವ ಮನುಷ್ಯ. ನಮ್ಮನ್ನೆಲ್ಲ ಕ್ಯಾಂಟೀನಿನಲ್ಲಿ ಸೇರಿಸಿ ಹೇಳಿದರು:

"ಅಂಗಡಿ ಯಜಮಾನರು ರಾತ್ರಿಯೆಲ್ಲಾ ಯೋಚನೆ ಮಾಡಿದ್ದಾರೆ. ಮಕ್ಕಳು ಕಾಯ್ತಾ ಇರ್ತಾರೆ. ಮಕ್ಕಳಿಗೋಸ್ಕರ ನಡೆಸೋದು ಅಂತ ತೀರ್ಮಾನ. ಆದ್ರೆ ಎಲ್ಲರ ತೋಳಿಗೂ ಒಂದು ಕಪ್ಪು ಪಟ್ಟಿ ಇರ್ಲಿ. ಮಿಸೆಸ್ ಸ್ಕವ್ರೋನ್, ನಾಳೆ ಸಂಜೆಯೊಳಗೆ ಆಗುತ್ತಾ?"

ಸ್ಕವ್ರೋನ್ ಅಂದರೆ ನಾನು. ಜೆನೊವೀವಾ ಸ್ಕವ್ರೋನ್. ಎಲ್ಲರೂ ಜೆನ್ ಅನ್ನುತ್ತಾರೆ.

"ಆಗುತ್ತೆ," ಎಂದೆ.

ಅವರಿಗೆ ಆಗ ನೆನಪಾಯಿತು. ಮುಖ ಕೆಂಪಾಯಿತು. "ನಿಮ್ಮ ಯಜಮಾನರ ವಿಷಯ ಕೇಳಿ ಬೇಜಾರಾಯ್ತು. ಇಡೀ ದೇಶಾನೇ ಹೀಗಿರೋವಾಗ..." ಎಂದು ಕೆಮ್ಮಿದರು.

ನಾನು ಮತ್ತು ಬರ್ನೀಸ್ ಕೂತು ಪಟ್ಟಿ ಹೊಲಿದೆವು. ಬರ್ನೀಸ್ ನನ್ನ ಪಕ್ಕದ ಮಶೀನಿನವಳು, ಹದಿನಾರು ವರ್ಷದಿಂದ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಹಳದಿ ಚುಕ್ಕೆಯ ವಿದೂಷಕನ ತೋಳಿಗೆ ಕಪ್ಪು ಪಟ್ಟಿ, ಕರಡಿಯ ಕಂದು ತೋಳಿಗೆ ಕಪ್ಪು ಪಟ್ಟಿ, ಬೆಳ್ಳಿ ಜರಿಯ ನಕ್ಷತ್ರಕ್ಕೆ ಕಪ್ಪು ಪಟ್ಟಿ. ಬುಧವಾರ ಮೂರು ಗಂಟೆಗೆ ಮುನ್ನೂರನೆಯದು ಮುಗಿಯಿತು. ಮೂರೂವರೆಗೆ ಮೇಲಿನಿಂದ ಆದೇಶ ಬಂತು. ಕಪ್ಪು ಪಟ್ಟಿ ಕಂಡರೆ ಮಕ್ಕಳು ಹೆದರಬಹುದು, ಎಲ್ಲ ಬಿಚ್ಚಿಬಿಡಿ.

"ಇವರ ತಲೆ ಮೇಲೆ ಮೊಟ್ಟೆ ಒಡೀಬೇಕು," ಎಂದಳು ಬರ್ನೀಸ್. "ಇವರಿಗೆ ದುಃಖ ಬರೋದೂ ಮೀಟಿಂಗ್ ಮಾಡಿ, ಹೋಗೋದೂ ಮೀಟಿಂಗ್ ಮಾಡಿ."

ನಾನು ಬ್ಲೇಡು ತೆಗೆದುಕೊಂಡು ಬಿಚ್ಚಲು ಕೂತೆ. ಹೊಲಿಯುವಾಗ ಹೇಗಿತ್ತೋ ಬಿಚ್ಚುವಾಗಲೂ ಹಾಗೇ ಇತ್ತು. ಒಂದು ಹೊಲಿಗೆ, ಇನ್ನೊಂದು ಹೊಲಿಗೆ. ಬರ್ನೀಸ್ ಆಗಾಗ ನನ್ನ ಮುಖ ನೋಡುತ್ತಿದ್ದಳು. ಕೊನೆಗೆ ಕೇಳಿದಳು, "ಏನಾದ್ರೂ ತಿಂದ್ಯೇನೇ?"

"ತಿಂದೆ ಅನ್ಸುತ್ತೆ."

"ಅನ್ಸುತ್ತೆ ಅಂತೆ," ಎಂದು ತನ್ನ ಡಬ್ಬಿಯ ಅರ್ಧ ಸ್ಯಾಂಡ್‌ವಿಚ್ ನನ್ನ ಮುಂದಿಟ್ಟಳು. ತಿಂದೆ. ಹಂದಿಮಾಂಸವೋ ಚೀಸೋ ಹೇಳಲಾರೆ.

ಕ್ಯಾಸ್ ಮೆರವಣಿಗೆಯಲ್ಲಿ ಹದಿನಾಲ್ಕು ವರ್ಷದಿಂದ ಚಂದ್ರನಾಗುತ್ತಿದ್ದ. ಕಾಗದ ನೆನೆಸಿ ಅಂಟು ಬೆರೆಸಿ ಮಾಡಿದ ದೊಡ್ಡ ಗುಂಡು ತಲೆ. ಉಬ್ಬಿದ ಕೆನ್ನೆ, ನಗುವ ಬಾಯಿ. ಆ ಬಾಯಿಯ ಬಲೆಯ ಮೂಲಕವೇ ಒಳಗಿದ್ದವನು ಹೊರಗೆ ನೋಡಬೇಕು. ಭುಜದ ಮೇಲೆ ಕೂರುವ ಮರದ ಚೌಕಟ್ಟು, ಕೆಳಗೆ ಪಾದ ಮುಚ್ಚುವ ಕಡುನೀಲಿ ಸ್ಯಾಟಿನ್ ನಿಲುವಂಗಿ, ಕೈಗೆ ಬಿಳಿ ಗವಸು. ಈ ಸಲ ಅದನ್ನು ಚಪ್ಪಲಿ ವಿಭಾಗದ ಡ್ವೇನ್ ಎಂಬ ಹುಡುಗನಿಗೆ ಕೊಟ್ಟಿದ್ದರು. ಗುರುವಾರ ಬೆಳಗ್ಗೆ ಏಳು ಗಂಟೆಗೆ, ಮೆರವಣಿಗೆ ಹೊರಡುವ ಹಳೆಯ ಗೋದಾಮಿನಲ್ಲಿ, ಅವನು ತಲೆ ಹೊತ್ತು ನಿಂತ. ಅವನದು ಆರಡಿ ಮೇಲೆ ಎರಡಂಗುಲ. ನಿಲುವಂಗಿ ಮೊಣಕಾಲಿಗೆ ನಿಂತಿತ್ತು, ಕೆಳಗೆ ಅವನ ಚೌಕಳಿ ಪ್ಯಾಂಟು. ಚೌಕಟ್ಟು ಅವನ ಅಗಲ ಭುಜಕ್ಕೆ ಕೂರದೆ ತಲೆ ಒಂದು ಕಡೆಗೆ ವಾಲಿತು.

"ಚಂದ್ರ ಕುಡಿದು ಬಂದ ಹಾಗಿದೆ," ಎಂದ ಯಾರೋ ಸಿಪಾಯಿ. ನಕ್ಕರು. ಆ ವಾರದಲ್ಲಿ ನಾನು ಕೇಳಿದ ಮೊದಲ ನಗು ಅದು.

ಮಿಸ್ಟರ್ ಬ್ರೆನೆಮನ್ ನನ್ನತ್ತ ನೋಡಿದರು. "ಅಂಚು ಬಿಚ್ಚಿ ಇಳಿಸೋಕೆ ಆಗುತ್ತಾ?"

"ಒಳಗೆ ಬಟ್ಟೆ ಬಿಟ್ಟಿಲ್ಲ," ಎಂದೆ. ಅದನ್ನು ಕತ್ತರಿಸಿದವಳು ನಾನೇ. "ನಾನು ಹಾಕ್ಕೊಳ್ತೀನಿ. ನನ್ನ ಅಳತೆ ಸರಿಹೋಗುತ್ತೆ."

ಅದು ನಿಜ. ನಾನೂ ಕ್ಯಾಸೂ ಒಂದೇ ಎತ್ತರ, ಒಂದೇ ದಪ್ಪ. ಮದುವೆಯಾದ ಹೊಸದರಲ್ಲಿ ಜನ ನಮ್ಮನ್ನು ಉಪ್ಪು-ಮೆಣಸಿನ ಜೋಡಿ ಶೀಶೆ ಅನ್ನುತ್ತಿದ್ದರು.

ಬರ್ನೀಸ್ ನನ್ನನ್ನು ಪಕ್ಕಕ್ಕೆ ಎಳೆದಳು. "ನಿಂಗೆ ತಲೆ ಕೆಟ್ಟಿದೆಯೇನೇ ಜೆನ್? ಮಣ್ಣಿಗಿಟ್ಟು ಮೂರು ದಿನ ಆಗಿಲ್ಲ. ಮನೆಗೆ ಹೋಗು. ಹೆಡ್ವಿಗ್ ಟರ್ಕಿ ಕೋಳಿ ಬೇಯಿಸ್ತಾ ಇರ್ತಾಳೆ."

"ಬೇಯೋಕೆ ಇನ್ನೂ ಐದು ಗಂಟೆ ಬೇಕು."

"ನಾನು ಹೇಳ್ತಿರೋದು ಅದಲ್ಲ ಕಣೇ."

"ಗೊತ್ತು. ಹಿಂದೆ ಗುಂಡಿ ಹಾಕು."

ಅವಳು ಹಾಕಿದಳು. ಇಬ್ಬರು ಗಂಡಸರು ತಲೆಯನ್ನು ಎತ್ತಿ ನನ್ನ ಮೇಲೆ ಇಟ್ಟರು. ಒಳಗೆ ಅವನ ವಾಸನೆ ಇರಬಹುದು, ಅವನ ತಂಬಾಕಿನದೋ ಪುದೀನ ಪೆಪ್ಪರ್‌ಮಿಂಟಿನದೋ, ಅದು ನನ್ನ ಮೇಲೆ ಎರಗಬಹುದು ಎಂದು ಒಂದು ಕ್ಷಣ ಮೈ ಬಿಗಿ ಮಾಡಿಕೊಂಡೆ. ಏನೂ ಇರಲಿಲ್ಲ. ಒಣಗಿದ ಅಂಟಿನ ವಾಸನೆ ಮಾತ್ರ. ಚೌಕಟ್ಟು ಭುಜದ ಮೂಳೆಗೆ ಒತ್ತಿತು.

ಹಿಮ ಉದುರುತ್ತಿತ್ತು. ಸರೋವರದ ಕಡೆಯಿಂದ ಬರುವ ತೇವದ ಹಿಮ, ನೆಲಕ್ಕೆ ಬಿದ್ದರೆ ನೀರು. ನನ್ನ ಮುಂದೆ ಒಂದು ಹೈಸ್ಕೂಲಿನ ಬ್ಯಾಂಡು, ಹಿಂದೆ ಪೌಡರು-ಲಿಪ್‌ಸ್ಟಿಕ್ ಮಾರುವ ವಿಭಾಗದ ಹನ್ನೆರಡು ಹುಡುಗಿಯರು ನಕ್ಷತ್ರಗಳಾಗಿ. ರಸ್ತೆಯ ಎರಡೂ ಬದಿ ಜನ ಎಂದಿನಷ್ಟೇ ಇದ್ದರು, ಆದರೆ ಸದ್ದು ಅರ್ಧ. ಚಿಕ್ಕ ಮಕ್ಕಳು ಕೂಗುತ್ತಿದ್ದವು. ಅವರ ಹಿಂದೆ ನಿಂತ ದೊಡ್ಡವರು ಮಕ್ಕಳ ಭುಜದ ಮೇಲೆ ಕೈಯಿಟ್ಟು ನಮ್ಮನ್ನು ದಾಟಿ ಇನ್ನೆಲ್ಲಿಗೋ ನೋಡುತ್ತಿದ್ದರು. ನನಗೆ ಅದೇ ಹಿತವೆನಿಸಿತು. ನಾನು ಕೈ ಬೀಸಿದೆ. ಚಂದ್ರ ಕೈ ಬೀಸಬೇಕು, ಅಷ್ಟೇ ಅವನ ಕೆಲಸ ಎಂದುಕೊಂಡಿದ್ದೆ. ನಾಲ್ಕು ಹೆಜ್ಜೆ, ಬಲಗೈ. ನಾಲ್ಕು ಹೆಜ್ಜೆ, ಎಡಗೈ. ತಲೆಯೊಳಗೆ ನನ್ನ ಉಸಿರಿನ ಸದ್ದೇ ದೊಡ್ಡದಾಗಿ ಕೇಳುತ್ತಿತ್ತು.

ಚಿಪ್ಪೆವಾ ಸ್ಟ್ರೀಟ್ ಕೂಡುವಲ್ಲಿ ಮೆರವಣಿಗೆ ನಿಂತಿತು. ಮುಂದೆಲ್ಲೋ ಒಂದು ಕುದುರೆ ಹಠ ಹಿಡಿದಿತ್ತು. ಬ್ಯಾಂಡಿನವರು ನಿಂತಲ್ಲೇ ಬಾರಿಸುತ್ತಿದ್ದರು. ನನ್ನ ಬಲಕ್ಕೆ, ಹಗ್ಗದ ಆಚೆ, ಬೂದು ಕೋಟು ತೊಟ್ಟ ಸುಮಾರು ಇಪ್ಪತ್ತು ಮಕ್ಕಳು ಸಾಲಾಗಿ ನಿಂತಿದ್ದರು. ಜೊತೆಗೆ ಕನ್ನಡಕ ಹಾಕಿದ ಒಬ್ಬ ಹೆಂಗಸು. ಬೇರೆ ಮಕ್ಕಳು ಕೂಗುವಂತೆ ಇವರು ಕೂಗುತ್ತಿರಲಿಲ್ಲ. ಎಲ್ಲರ ಕಣ್ಣೂ ನನ್ನ ಮೇಲೆ. ನನ್ನ ಮುಖದ ಮೇಲಲ್ಲ, ನನ್ನ ಕೈಗಳ ಮೇಲೆ.

ಮುಂದಿದ್ದ ಹನ್ನೊಂದು ವರ್ಷದ ಒಂದು ಹುಡುಗಿ, ಕೆಂಪು ಟೋಪಿಯವಳು, ಕೈಗವಸು ಕಳಚಿ ಜೇಬಿಗೆ ತುರುಕಿದಳು. ಎರಡೂ ಕೈಯಿಂದ ಗಾಳಿಯಲ್ಲಿ ಏನೋ ಬೇಗಬೇಗ ಮಾಡಿದಳು. ಕೆನ್ನೆ ಉಬ್ಬಿಸಿದಳು. ಸೊಂಟದ ಮೇಲೆ ಕೈಯಿಟ್ಟು ಗದರಿಸುವವಳಂತೆ ನೋಡಿದಳು. ಉಳಿದ ಮಕ್ಕಳು ಬಾಯಿ ಅರ್ಧ ತೆರೆದು ಕಾದರು.

ನಾನು ಕೈ ಬೀಸಿದೆ.

ಹುಡುಗಿ ಮತ್ತೆ ಮಾಡಿದಳು, ಈ ಸಲ ನಿಧಾನವಾಗಿ. ನಾನು ಮತ್ತೆ ಕೈ ಬೀಸಿದೆ. ಅವಳ ಮುಖ ಇಳಿಯಿತು. ತಿರುಗಿ ಕನ್ನಡಕದ ಹೆಂಗಸಿಗೆ ಬೆರಳುಗಳಲ್ಲಿ ಏನೋ ಹೇಳಿದಳು. ಆಕೆ ಹಗ್ಗದ ಕೆಳಗೆ ನುಸುಳಿ ನನ್ನ ಹತ್ತಿರ ಬಂದು, ಚಂದ್ರನ ಬಾಯಿಗೆ ಬಾಯಿಯಿಟ್ಟಂತೆ ನಿಂತು ಕೇಳಿದರು:

"ತಪ್ಪು ತಿಳ್ಕೋಬೇಡಿ. ನೀವು ಬೇರೆಯವರಾ? ಈ ಹುಡುಗಿ ಹೇಳ್ತಾ ಇದ್ದಾಳೆ, ಇದು ಅವನ ಕೈಯಲ್ಲ ಅಂತ."

"ಬೇರೆಯವಳು," ಎಂದೆ. "ಅವಳು ಏನು ಮಾಡ್ತಿದ್ದಾಳೆ?"

"ನಮ್ಮದು ಕಿವುಡ ಮಕ್ಕಳ ಶಾಲೆ. ನಾನು ಅವರ ಟೀಚರು, ಹೋಲ್ಕಮ್ ಅಂತ. ಪ್ರತಿವರ್ಷ ಚಂದ್ರ ಇಲ್ಲಿ ನಿಂತು ಇವರ ಜೊತೆ ಮಾತಾಡ್ತಿದ್ದ. ಕೈಯಲ್ಲಿ."

ನನಗೆ ಕೇಳಿಸಿತು, ಅರ್ಥವಾಗಲಿಲ್ಲ. ಆಕೆ ಹೇಳುತ್ತಾ ಹೋದರು. ಅವರ ಶಾಲೆಯಲ್ಲಿ ಕೈಸನ್ನೆ ಮಾಡುವ ಹಾಗಿಲ್ಲವಂತೆ. ಮಕ್ಕಳು ತುಟಿ ನೋಡಿ ತಿಳಿಯಬೇಕು, ಬಾಯಿಬಿಟ್ಟು ಮಾತಾಡಬೇಕು, ಕೈ ಎತ್ತಿದರೆ ಬೆರಳ ಗೆಣ್ಣಿನ ಮೇಲೆ ಏಟು. ಆದರೆ ಚಂದ್ರನ ತುಟಿ ಅಲುಗುವುದಿಲ್ಲವಲ್ಲ.

"ಹಾಗಾಗಿ ಇದೊಂದು ದಿನ ನಾನು ಬೇರೆ ಕಡೆ ನೋಡ್ತೀನಿ," ಎಂದರು. "ಮೊದಲ ವರ್ಷ ಅವರು ಕೇಳಿದ್ರು, ಯಾಕೆ ಇಷ್ಟು ದಪ್ಪ ಇದ್ದೀಯ ಅಂತ. ಅವನಂದ, ನಾಳೆಯಿಂದ ಸಣ್ಣ ಆಗ್ತೀನಿ. ಮುಂದಿನ ವರ್ಷ ಮತ್ತೆ ಅಷ್ಟೇ ದಪ್ಪ ಬಂದ. ಇವರು ಬೈದ್ರು. ಅವನು ಮತ್ತೆ, ನಾಳೆಯಿಂದ ಖಂಡಿತ ಅಂದ. ಏಳು ವರ್ಷದಿಂದ ಅದೇ ಜಗಳ. ವರ್ಷಪೂರ್ತಿ ಡಾರ್ಮಿಟರಿಯಲ್ಲಿ ಅದನ್ನೇ ಆಡ್ತಿರ್ತಾವೆ. ಈ ಸಲ ಅವರೆಲ್ಲಿ?"

"ತೀರಿಕೊಂಡ್ರು. ಶುಕ್ರವಾರ."

ಆಕೆ ಕಣ್ಣು ಮುಚ್ಚಿ ತೆರೆದರು. "ಹೌದು, ಶುಕ್ರವಾರ..." ಎಂದು ತಲೆಯಾಡಿಸಿದರು. ಅವರ ಮನಸ್ಸೂ ಡಲ್ಲಾಸಿಗೆ ಹೋಯಿತೆಂದು ನನಗೆ ಗೊತ್ತಾಯಿತು.

"ಅಲ್ಲ," ಎಂದೆ. "ಅವರಲ್ಲ. ಚಂದ್ರ. ನನ್ನ ಗಂಡ. ಬೆಳಗ್ಗೆ."

ಬ್ಯಾಂಡು ಬಾರಿಸುತ್ತಲೇ ಇತ್ತು. ಮಿಸ್ ಹೋಲ್ಕಮ್ ಬಲೆಯ ಒಳಗೆ ನನ್ನ ಕಣ್ಣು ಎಲ್ಲಿದೆ ಎಂದು ಹುಡುಕುತ್ತಿದ್ದರು. ಆಮೇಲೆ ಕೇಳಿದರು:

"ಬೆಳಗ್ಗೆ ಎಷ್ಟು ಹೊತ್ತಿಗೆ?"

"ಒಂಬತ್ತೂವರೆಗೆ."

"ಒಂಬತ್ತೂವರೆಗೆ," ಎಂದರು ಆಕೆ. ಆ ವಾರದಲ್ಲಿ ಹೊತ್ತು ಕೇಳಿದವರು ಅವರೊಬ್ಬರೇ. "ಮಕ್ಕಳಿಗೆ ಹೇಳಲಾ? ಊರಿಗೆ ಹೋಗಿದ್ದಾನೆ ಅಂತಾನೂ ಹೇಳಬಹುದು. ನೀವು ಹೇಗಂತೀರೋ ಹಾಗೆ."

ನಾನು ಯೋಚಿಸಲಿಲ್ಲ. ಯೋಚಿಸುವ ಜಾಗ ತಲೆಯಲ್ಲಿ ಇರಲೂ ಇಲ್ಲ. "ಹೇಳಿಬಿಡಿ," ಎಂದೆ.

ಆಕೆ ಮಕ್ಕಳ ಕಡೆ ತಿರುಗಿದರು. ಒಮ್ಮೆ ಅಕ್ಕಪಕ್ಕ ನೋಡಿ, ಗವಸು ತೆಗೆದು, ನಡುರಸ್ತೆಯಲ್ಲಿ ಎರಡೂ ಕೈ ಎತ್ತಿ ಹೇಳಿದರು. ಚಿಕ್ಕ ಸಂಗತಿ. ಎರಡು ಸನ್ನೆ, ಮೂರು ಸನ್ನೆ. ಒಂದರಲ್ಲಿ ಅಂಗೈ ಮಗುಚಿತು. ಮಕ್ಕಳಲ್ಲಿ ಯಾರೂ ಅಳಲಿಲ್ಲ. ಒಬ್ಬ ತನ್ನ ಪಕ್ಕದವನನ್ನು ನೋಡಿದ. ಕೆಂಪು ಟೋಪಿಯವಳು ಏನೋ ಕೇಳಿದಳು.

"ಹಾಗಾದ್ರೆ ಒಳಗಿರೋದು ಯಾರು ಅಂತಾಳೆ," ಎಂದರು ಮಿಸ್ ಹೋಲ್ಕಮ್. "ಹೆಂಡತಿ ಅಂದೆ."

ಹುಡುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಕೆನ್ನೆ ಉಬ್ಬಿಸಿ, ಗದರಿಸಿ, ಮೊದಲು ಕೇಳಿದ ಪ್ರಶ್ನೆಯನ್ನೇ ಕೇಳಿದಳು. ನನ್ನ ಉತ್ತರಕ್ಕೆ ಕಾಯಲಿಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಚಂದ್ರನಂತೆ ಹೊಟ್ಟೆ ಮುಂದೆ ಮಾಡಿ ನಿಂತು, ತಾನೇ ಉತ್ತರವನ್ನೂ ಕೊಟ್ಟಳು. ಹೆಬ್ಬೆರಳು ಕೆನ್ನೆಯಿಂದ ಮುಂದಕ್ಕೆ ಬಾಗಿತು. ಆಮೇಲೆ ಎರಡು ಅಂಗೈಗಳು ಒಂದಕ್ಕೊಂದು ಹತ್ತಿರ ಬಂದವು, ಕಿರಿದಾಗುತ್ತಾ ಕಿರಿದಾಗುತ್ತಾ. ಎರಡು ಮೂರು ಮಕ್ಕಳು ನಕ್ಕರು. ಅವರ ನಗುವಿಗೆ ಸದ್ದು ಇತ್ತು, ಒರಟಾದ, ಯಾರೂ ತಿದ್ದದ ಸದ್ದು.

ಸೀಟಿ ಊದಿದರು. ನಕ್ಷತ್ರಗಳಲ್ಲಿ ಒಬ್ಬಳು ಹಿಂದಿನಿಂದ ನನ್ನನ್ನು ತಳ್ಳಿದಳು. "ನಡೀರಿ ಮಿಸೆಸ್ ಸ್ಕವ್ರೋನ್, ನಡೀರಿ, ಕಾಲು ಮರಗಟ್ಟಿಹೋಗಿದೆ." ನಡೆದೆ. ಹಿಂತಿರುಗಿ ನೋಡಲು ಆಗಲಿಲ್ಲ. ಚೌಕಟ್ಟು ಹಾಕಿಕೊಂಡರೆ ಕತ್ತು ತಿರುಗುವುದಿಲ್ಲ.

ಅಂಗಡಿ ತಲುಪಲು ಇನ್ನೂ ಏಳು ಬ್ಲಾಕ್ ಇತ್ತು. ಅಷ್ಟೂ ದೂರ ನಾನು ಒಂದೇ ವಿಷಯ ಯೋಚಿಸಿದೆ. ಕ್ಯಾಸ್ ವಾಚಾಳಿ. ಮೆರವಣಿಗೆ ಮುಗಿಸಿ ಬಂದನೆಂದರೆ ಯಾವ ಕುದುರೆ ಎಲ್ಲಿ ಲದ್ದಿ ಹಾಕಿತು ಎನ್ನುವವರೆಗೆ ಹೇಳುತ್ತಿದ್ದ. ಇದನ್ನು ಮಾತ್ರ ಏಳು ವರ್ಷ ಹೇಳಲಿಲ್ಲವೇ? ನಾನು ನಾಲ್ಕು ಗಂಟೆಗೆ ಎದ್ದು ಮುನ್ನೂರು ಜನರಿಗೆ ಗುಂಡಿ ಹಾಕಿ ಬಂದವಳು, ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟು ಕುರ್ಚಿಯಲ್ಲೇ ತೂಕಡಿಸುತ್ತಿರುತ್ತಿದ್ದೆ. ಅವನು ಟೈ ಬಿಚ್ಚುತ್ತಾ ಮಾತಾಡುತ್ತಲೇ ಇರುತ್ತಿದ್ದ. ಹೇಳಿರಬಹುದು. ಏಳು ಸಲವೂ ಹೇಳಿರಬಹುದು. ನಾನು 'ಹ್ಞೂಂ' ಅಂದಿರಬಹುದು. ಈ ಯೋಚನೆ ಚುಚ್ಚಬೇಕಿತ್ತು. ಚುಚ್ಚಲಿಲ್ಲ. ಬಟ್ಟೆಯ ಮೇಲೆ ಗುರುತು ಹಾಕಿದ ಹಾಗೆ, ಇಲ್ಲಿ ಕತ್ತರಿಸಬೇಕು ಎಂದು ಗುರುತು ಮಾತ್ರ ಬಿತ್ತು.

ಹೆಡ್ವಿಗ್ ಮನೆಯಲ್ಲಿ ಟರ್ಕಿ ತಿಂದೆ. ಸಾಯಂಕಾಲ ಟಿವಿಯಲ್ಲಿ ಹೊಸ ಅಧ್ಯಕ್ಷರು ಮಾತಾಡಿದರು. ಭುಜದ ಮೇಲೆ ಚೌಕಟ್ಟು ಕೂತಿದ್ದ ಕಡೆ ಎರಡು ನೀಲಿ ಬರೆ ಎದ್ದಿದ್ದವು.

"ನಿಂಗೆ ಬುದ್ಧಿ ಇಲ್ಲ," ಎಂದಳು ಹೆಡ್ವಿಗ್, ಬರೆಗೆ ಕೊಬ್ಬು ಸವರುತ್ತಾ. "ಅವನಿಗೂ ಇರಲಿಲ್ಲ."

ಶುಕ್ರವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಊಟದ ಬಿಡುವಿನಲ್ಲಿ ನಾನು ನೆಲಮಾಳಿಗೆಗೆ ಇಳಿದೆ. ಅಲ್ಲಿ ಬೆಲೆಯ ಬೋರ್ಡುಗಳನ್ನು ಅಚ್ಚು ಹಾಕುವ ಕೋಣೆಯಿದೆ. ಅಲ್ಲಿನ ಓರಿನ್ ಟೆಡ್ರೊ ಹುಟ್ಟುಕಿವುಡ. ಅರವತ್ತರ ಹತ್ತಿರದ ಮನುಷ್ಯ, ಕತ್ತಿಗೆ ದಾರ ಕಟ್ಟಿ ಒಂದು ಪುಟ್ಟ ಪ್ಯಾಡು, ಪೆನ್ಸಿಲು ನೇತುಹಾಕಿಕೊಂಡಿರುತ್ತಿದ್ದ. ಕ್ಯಾಸ್ ಅವನ ಜೊತೆ ಕೂತು ಊಟ ಮಾಡುವುದನ್ನು ನೋಡಿದ್ದೆ. ಇಬ್ಬರೂ ಸಿಗರೇಟು ಸೇದುತ್ತಾರೆ, ಅದಕ್ಕೆ ಜೊತೆ ಎಂದುಕೊಂಡಿದ್ದೆ. ಕ್ಯಾಸ್‌ಗೆ ಕೈಮಾತು ಕಲಿಸುವವನು ಆ ಅಂಗಡಿಯಲ್ಲಿ ಬೇರೆ ಯಾರಿದ್ದಾರೆ?

ಅವನು ನನ್ನನ್ನು ಕಂಡು ಮಶೀನು ನಿಲ್ಲಿಸಿದ. ಕೈಯ ಮಸಿ ಒರೆಸಿಕೊಂಡು ಸ್ಟೂಲು ಎಳೆದು ಕೊಟ್ಟ. ನಾನು ಅವನ ಪ್ಯಾಡಿನಲ್ಲಿ ಬರೆದೆ: ಕ್ಯಾಸ್ ಹೋದ.

ಅವನು ಬರೆದ: ಗೊತ್ತು. ಭಾನುವಾರ ನಿಮ್ಮ ಮನೆಗೆ ಬಂದಿದ್ದೆ.

ಇಲ್ಲ ಎಂದು ತಲೆಯಾಡಿಸಿದೆ. ಯಾರೂ ನನಗೆ ಹೇಳಿರಲಿಲ್ಲ.

ಅವನು ಪುಟ ಮಗುಚಿ ಬರೆಯುತ್ತಾ ಹೋದ. ಅವನ ಅಕ್ಷರ ಅವನ ಬೋರ್ಡುಗಳ ಅಕ್ಷರದಷ್ಟೇ ಚೆಂದ. ಮಧ್ಯಾಹ್ನ ಹನ್ನೆರಡೂಕಾಲು. ಬಾಗಿಲು ಬಡಿದೆ. ಗಂಟೆ ಒತ್ತಿದೆ. ಯಾರೂ ತೆಗೆಯಲಿಲ್ಲ. ಕಿಟಕಿಯಲ್ಲಿ ನೋಡಿದೆ. ಎಲ್ಲರೂ ಬೆನ್ನು ಹಾಕಿ ಎದ್ದು ನಿಂತಿದ್ದರು. ಎಲ್ಲರ ಬಾಯಿ ತೆರೆದಿತ್ತು.

ಅದು ಯಾವ ಹೊತ್ತೆಂದು ನನಗೆ ತಿಳಿಯಿತು. ಡಲ್ಲಾಸಿನ ಪೊಲೀಸ್ ಠಾಣೆಯಲ್ಲಿ ಅಧ್ಯಕ್ಷರನ್ನು ಕೊಂದವನನ್ನೇ ಟಿವಿಯ ಎದುರು ಗುಂಡಿಟ್ಟು ಕೊಂದ ಹೊತ್ತು ಅದು. ಮನೆಯಲ್ಲಿ ಹನ್ನೊಂದು ಜನ ಒಟ್ಟಿಗೆ ಕಿರುಚಿದರಂತೆ. ಕಿವಿಯಿದ್ದ ಹನ್ನೊಂದು ಜನಕ್ಕೆ ಒಬ್ಬ ಕಿವುಡ ಬಾಗಿಲು ಬಡಿದದ್ದು ಕೇಳಿಸಲಿಲ್ಲ.

ಓರಿನ್ ಇನ್ನೊಂದು ಸಾಲು ಬರೆದು, ಪ್ಯಾಡನ್ನು ತಕ್ಷಣ ನನಗೆ ಕೊಡದೆ ಹಿಡಿದುಕೊಂಡ. ಆಮೇಲೆ ಕೊಟ್ಟ.

ನೀವೊಬ್ಬರೇ ಕೂತಿದ್ದಿರಿ. ನನ್ನ ಕಡೆಗೇ ನೋಡುತ್ತಿದ್ದಿರಿ. ನಾನು ಕೈ ಬೀಸಿದೆ. ತುಂಬ ಹೊತ್ತು ಬೀಸಿದೆ. ನೀವು ನೋಡುತ್ತಲೇ ಇದ್ದಿರಿ.

ನಾನು ಅದನ್ನು ಎರಡು ಸಲ ಓದಿದೆ. ಕಿಟಕಿಯಲ್ಲಿ ಒಬ್ಬ ಮನುಷ್ಯ ನಿಂತು ಕೈ ಬೀಸಿದ್ದು ನನ್ನ ನೆನಪಿನ ಯಾವ ಮೂಲೆಯಲ್ಲೂ ಇರಲಿಲ್ಲ. ಕಿಟಕಿಯೂ ಇರಲಿಲ್ಲ. ಆ ಭಾನುವಾರವೇ ಇರಲಿಲ್ಲ.

ಬರೆದೆ: ಕಾಣಲಿಲ್ಲ. ಕ್ಷಮಿಸಿ.

ಅವನು ಅದರ ಮೇಲೆ ಅಡ್ಡಗೆರೆ ಎಳೆದ, ಬೋರ್ಡಿನಲ್ಲಿ ಹಳೆಯ ಬೆಲೆಯ ಮೇಲೆ ಎಳೆಯುವ ಹಾಗೆ.

ಆಮೇಲೆ ಅವನು ಬಲಗೈ ಎತ್ತಿದ. ಹೆಬ್ಬೆರಳನ್ನೂ ಉಳಿದ ಬೆರಳುಗಳನ್ನೂ ಬಟ್ಟಲಿನಂತೆ ಬಾಗಿಸಿ, ತನ್ನ ಕೆನ್ನೆಯ ಮೇಲಿಟ್ಟು, ಎರಡು ಸಲ ತಟ್ಟಿದ. ನಾನು ಏನೆಂದು ಹುಬ್ಬೇರಿಸಿದೆ. ಅವನು ಬರೆದ: ಇದು ಕ್ಯಾಸ್. ನಮ್ಮವರಲ್ಲಿ ಹೆಸರು ನಾವೇ ಇಡಬೇಕು. ಇದು ನಾನಿಟ್ಟದ್ದು. ಆ ಮಕ್ಕಳಿಗೂ ಗೊತ್ತು.

ನಾನು ಕೈ ಎತ್ತಿ ಮಾಡಿ ನೋಡಿದೆ. ಇಪ್ಪತ್ತೈದು ವರ್ಷ ಸೂಜಿ ಹಿಡಿದ ಬೆರಳುಗಳು, ತೋರುಬೆರಳು ಪೂರ್ತಿ ಬಾಗುವುದಿಲ್ಲ. ಓರಿನ್ ಅದನ್ನು ಹಿಡಿದು, ಮೆಲ್ಲಗೆ, ಆಗುವಷ್ಟು ಬಾಗಿಸಿದ. ಅವನ ಬೆರಳ ಮಸಿ ನನ್ನ ಕೆನ್ನೆಗೆ ಹತ್ತಿತು. ಮತ್ತೊಮ್ಮೆ ಮಾಡಿದೆ. ಸರಿ ಎಂದು ತಲೆಯಾಡಿಸಿದ.

ನಾಳೆಯೂ ಬರಲಾ, ಎಂದು ಬರೆದೆ. ಊಟ ತನ್ನಿ, ಎಂದು ಬರೆದ.

ಬಿಡುವು ಮುಗಿಯುವ ಗಂಟೆ ಹೊಡೆಯಿತು. ಅವನಿಗೆ ಕೇಳಿಸಲಿಲ್ಲ, ನಾನು ಮೇಲೆ ನೋಡಿದ್ದನ್ನು ಕಂಡು ಅವನೂ ಎದ್ದ. ಆರನೇ ಮಹಡಿಯಲ್ಲಿ ಹದಿನಾಲ್ಕು ಪ್ಯಾಂಟು, ಒಂದು ಮದುವೆಯ ಗೌನು ಕಾದಿದ್ದವು. ಕೆನ್ನೆಯ ಮಸಿಯನ್ನು ಬರ್ನೀಸ್ ತೋರಿಸಿ, "ಒರೆಸ್ಕೊಳ್ಳೇ, ಗಿರಾಕಿ ಬಂದಿದ್ದಾರೆ," ಎಂದಳು. ಒರೆಸಿಕೊಂಡು, ಗೌನಿನವಳ ಸೊಂಟದ ಅಳತೆ ತೆಗೆಯಲು ಮಂಡಿಯೂರಿದೆ.